ರಂಗನತಿಟ್ಟಿನ ನಡುಗಡ್ಡೆಗಳು

ಶ್ರೀರಂಗಪಟ್ಟಣಕ್ಕೆ ಹೋದವರು ರಂಗನಾಥನ ಗುಡಿ, ಕೋಟೆ, ಗುಂಬಜುಗಳನ್ನು ನೋಡಿ ಮೈಸೂರಿನ ಹಾದಿ ಹಿಡಿಯುವುದು ವಾಡಿಕೆ. ಅಲ್ಲಿಗೆ ಸಮೀಪದಲ್ಲಿಯೇ ಕಾವೇರಿಯು ಕವಲೊಡೆದು ಹರಿಯುವೆಡೆ ರಂಗನತಿಟ್ಟು ಪಕ್ಷಿಧಾಮವಿದೆ. ಮನೆಮಂದಿಯೆಲ್ಲ ಅರ್ಧ ದಿನವನ್ನಾದರೂ ಅಲ್ಲಿ ಕಳೆಯಬೇಕೆಂಬುದು ನಮ್ಮ ಅಭಿಮತ. ಆದರೆ ಹೇಗೆ ಕಳೆಯಬೇಕೆಂಬುದನ್ನೂ ಹೇಳದೆ ಬಿಡಲಾಗದು.

ತಿಟ್ಟು ಎಂದರೆ ದಿಬ್ಬ. ಇಲ್ಲಿನ ತಿಟ್ಟುಗಳು ಕೇವಲ ನದಿಯ ಸೃಷ್ಟಿಯಲ್ಲ. ಕಂಠೀರವ ನರಸರಾಜ ಒಡೆಯರ ಆಳಿಕೆಯಲ್ಲಿ, 1645ರಿಂದ 1648ರ ಅವಧಿಯಲ್ಲಿ, ಕಾವೇರಿಗೆ ಅಡ್ಡಲಾಗಿ ಕಟ್ಟೆಯೊಂದು ನಿರ್ಮಾಣವಾಯಿತು. ನೀರು ನಿಂತು ಹರಡಿದಾಗ ಈ ನಡುಗಡ್ಡೆಗಳು ರೂಪುಗೊಂಡವು. ಪಕ್ಷಿತಜ್ಞ ಸಲೀಂ ಅಲಿಯವರು ಇಲ್ಲಿನ ಗೂಡುಗಳನ್ನು ಕಂಡು ಮೈಸೂರು ಅರಸರಿಗೆ ಸಲಹೆಯಿತ್ತ ಫಲವಾಗಿ 1940ರಲ್ಲಿ ಇದು ರಕ್ಷಿತ ಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಆ ಗೌರವ ಪಡೆದ ಕರ್ನಾಟಕದ ಮೊದಲ ತಾಣವಿದು.

ನಾವು ಹೋದದ್ದು ಬೇಸಗೆಯ ಆರಂಭದ ಒಂದು ಮುಂಜಾನೆ. ಅಂಬಿಗನು ಹುಟ್ಟುಹಾಕುತ್ತ ದೋಣಿಯನ್ನು ಹೊಳೆಮತ್ತಿ, ಬಿದಿರುಗಳ ನೆರಳಿನತ್ತ ಒಯ್ದನು. ಕೊಂಬೆಕೊಂಬೆಗೂ ಗೂಡು. ಬಣ್ಣದ ಕೊಕ್ಕರೆ, ಚಮಚದಂತಹ ಕೊಕ್ಕಿನ ಬಿಳಿಯ ಹಕ್ಕಿ, ಬಾಯ್ಕಳಕ, ನೀರುಕಾಗೆ, ಹಾವಿನಂತೆ ಕತ್ತು ಚಾಚುವ ಹಾವಕ್ಕಿ, ಇವೆಲ್ಲ ಒಂದೇ ಮರದಲ್ಲಿ ಜಗಳವಾಡುತ್ತಲೇ ಸಂಸಾರ ಹೂಡಿದ್ದವು. ಬಿಸಿಲೇರಿದಂತೆ ಬಣ್ಣದ ಕೊಕ್ಕರೆಯೊಂದು ಗೂಡಿನ ಅಂಚಿನಲ್ಲಿ ಸೂರ್ಯನಿಗೆ ಬೆನ್ನು ಮಾಡಿ ನಿಂತು, ಎರಡೂ ರೆಕ್ಕೆಗಳನ್ನು ಅಗಲಿಸಿ ಮರಿಗಳ ಮೇಲೆ ಕೊಡೆ ಹಿಡಿದಂತೆ ನೆರಳು ಮಾಡಿತು. ತಾನು ಮಾತ್ರ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ನಾವು ಬಹಳ ಹೊತ್ತು ಅದನ್ನೇ ನೋಡುತ್ತಿದ್ದೆವು.

ಅಷ್ಟರಲ್ಲಿ ಪಕ್ಕದ ದೋಣಿಯಿಂದ ಚಪ್ಪಾಳೆಯ ಸದ್ದು ಕೇಳಿತು. ಹಕ್ಕಿಗಳು ಹಾರಿದರೆ ಚಿತ್ರ ಚೆನ್ನಾಗಿ ಬರುವುದೆಂಬ ಉತ್ಸಾಹ! ನಮ್ಮ ಅಂಬಿಗನು ಮುಖ ಗಂಟಿಕ್ಕಿ, "ಬೇಡಿ ಸಾಮಿ, ತಾಯಿ ಎದ್ದರೆ ಮೊಟ್ಟೆ ಕಾಗೆ ಪಾಲು" ಎಂದು ಕೂಗಿದನು. ಅವನ ಮಾತು ಅಕ್ಷರಶಃ ಸತ್ಯ. ತಾಯಿ ಮೇಲೆದ್ದ ಕೆಲವೇ ನಿಮಿಷಗಳಲ್ಲಿ ಮೊಟ್ಟೆ ಕಾಗೆಯ ಪಾಲಾಗಬಹುದು. ಆಗಷ್ಟೇ ಹೊರಬಂದ ಮರಿ ಬಿಸಿಲಿಗೆ ಬಾಡಬಹುದು. ಗಾಬರಿಯಲ್ಲಿ ಗೂಡಿನಿಂದ ಜಾರಿದ ಮರಿಗೆ ಕೆಳಗೆ ಮೊಸಳೆ ಕಾದಿರುತ್ತದೆ.

ಬಾಯ್ಕಳಕದ ವಿಷಯ ರೈತಬಂಧುಗಳಿಗೆ ತಿಳಿದಿರಲಿ. ಬೆಳೆದ ಹಕ್ಕಿಯ ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಗದ್ದೆಯ ಬಸವನಹುಳುವನ್ನು ಹಿಡಿದು, ಚಿಪ್ಪಿನಿಂದ ಮಾಂಸವನ್ನಷ್ಟೇ ಸೆಳೆಯುವುದಕ್ಕೆ ಅಂತಹ ಕೊಕ್ಕು.

ನಡುಗಡ್ಡೆಗಳಿಗಿಂತಲೂ ಅಪಾಯದಲ್ಲಿರುವುದು ಬಂಡೆಗಳ ಮೇಲಿನ ಸಂಸಾರ. ನದಿಯ ರೀವ ಎಂಬ ಹಳದಿ ಕೊಕ್ಕಿನ ಹಕ್ಕಿ ಗೂಡನ್ನೇ ಕಟ್ಟುವುದಿಲ್ಲ. ಬೇಸಗೆಯಲ್ಲಿ ನೀರಿಳಿದಾಗ ತೆರೆದುಕೊಳ್ಳುವ ಬಂಡೆಯ ತಗ್ಗುಗಳಲ್ಲಿ, ಮರಳಿನಲ್ಲಿ ಮೊಟ್ಟೆಯಿಡುತ್ತದೆ. ಮೇಲ್ಗಡೆ ಇರುವುದು ಕನ್ನಂಬಾಡಿ ಅಣೆಕಟ್ಟು. ಗೇಣುದ್ದ ನೀರು ಹೆಚ್ಚಿದರೆ ಮೊಟ್ಟೆಗಳು ಕೊಚ್ಚಿಹೋಗುತ್ತವೆ. ನಾಲೆಗೆ, ಕುಡಿಯುವುದಕ್ಕೆ ನೀರು ಬೇಕು. ಅದನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಮೊಟ್ಟೆಯೊಡೆಯುವ ಆ ಮೂರು ವಾರಗಳಲ್ಲಿ ನೀರಿನ ಮಟ್ಟವನ್ನು ಒಂದೇ ಸಮನಾಗಿ ಕಾಯ್ದುಕೊಳ್ಳುವುದು ಅಸಾಧ್ಯವೇ? ಲೆಕ್ಕಾಚಾರ ಬಲ್ಲವರು ಯೋಚಿಸಲಿ.

ಹೋಗಬಯಸುವ ಬಂಧುಗಳು ಮೊದಲ ದೋಣಿಗೇ ಸಿದ್ಧರಾಗಿರುವುದು ಲೇಸು, ಹೊತ್ತೇರಿದರೆ ಜನಸಂದಣಿ. ಗೂಡು, ಮರಿಗಳನ್ನು ಕಾಣಲು ಫೆಬ್ರವರಿಯಿಂದ ಜೂನ್, ವಲಸೆ ಬಂದ ಹಕ್ಕಿಗಳಿಗೆ ಚಳಿಗಾಲ ಪ್ರಶಸ್ತ. ದುರ್ಬೀನು ಇದ್ದರೆ ಒಯ್ಯಿರಿ, ಮಕ್ಕಳಿಗೆ ಮೆಲುದನಿಯಲ್ಲಿ ಮಾತನಾಡಲು ಮೊದಲೇ ತಿಳಿಹೇಳಿರಿ. ಕೈಯನ್ನು ನೀರಿಗಿಳಿಸಲು ಬಿಡಬೇಡಿರಿ. ಬಂಡೆಯಂತೆ ಕಾಣುವುದೆಲ್ಲ ಬಂಡೆಯಲ್ಲ. ಮಳೆಗಾಲದಲ್ಲಿ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ದೋಣಿವಿಹಾರ ನಿಲ್ಲುತ್ತದೆ. ಆದುದರಿಂದ ಆ ತಿಂಗಳುಗಳಲ್ಲಿ ಹೊರಡುವವರು ಮುಂಚಿತವಾಗಿ ವಿಚಾರಿಸಿಕೊಂಡು ಹೋಗುವುದು.