ನಿನ್ನೆ ಸರಿಯಿದ್ದ ಸಾಫ್ಟ್‌ವೇರ್ ಇಂದು ಕೈಕೊಡುವುದೇಕೆ? ಬಗ್‌ಗಳ ಬೆನ್ನುಹತ್ತಿದ ಜರ್ಮನ್ ವಿಜ್ಞಾನಿ ಕಂಡುಕೊಂಡಿದ್ದೇನು?

2024ರ ಜುಲೈ 19, ಶುಕ್ರವಾರ. ಭಾರತೀಯ ಕಾಲಮಾನ ಬೆಳಗ್ಗೆ 9.39ಕ್ಕೆ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಕ್ರೌಡ್‌ಸ್ಟ್ರೈಕ್ ತನ್ನ ಗ್ರಾಹಕರ ವಿಂಡೋಸ್ ಕಂಪ್ಯೂಟರ್‌ಗಳಿಗೆ ಒಂದು ಪುಟ್ಟ ಅಪ್‌ಡೇಟ್ ಕಳುಹಿಸಿತು. ಅದರ ಬೆನ್ನಲ್ಲೇ ಜಗತ್ತಿನಾದ್ಯಂತ ಕಂಪ್ಯೂಟರ್ ಪರದೆಗಳು ನೀಲಿಯಾಗಿ ನಿಂತುಬಿಟ್ಟವು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಕೆಟ್ಟು ನಿಂತ ಯಂತ್ರಗಳ ಸಂಖ್ಯೆ 85 ಲಕ್ಷ. ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಅಪ್‌ಡೇಟ್‌ ಅನ್ನು 78 ನಿಮಿಷಗಳಲ್ಲೇ ಹಿಂಪಡೆದರೂ, ಕೆಟ್ಟು ನಿಂತ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವನ್ನು ಸಿಬ್ಬಂದಿ ಒಂದೊಂದಾಗಿ ಸರಿಪಡಿಸಬೇಕಾಯಿತು.

ಆ ದಿನ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ನಿನ್ನೆವರೆಗೆ ಸರಿಯಿದ್ದದ್ದು ಇಂದು ಏಕೆ ಕೆಟ್ಟಿತು?

ಅಚ್ಚರಿಯೆಂದರೆ, ಇದಕ್ಕೆ 25 ವರ್ಷ ಮೊದಲೇ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿಯೊಬ್ಬರು ಇದೇ ಪ್ರಶ್ನೆಯನ್ನು ತಮ್ಮ ಸಂಶೋಧನಾ ಪ್ರಬಂಧದ ತಲೆಬರಹವಾಗಿಸಿದ್ದರು. 'ನಿನ್ನೆ ನನ್ನ ಪ್ರೋಗ್ರಾಂ ಕೆಲಸ ಮಾಡುತ್ತಿತ್ತು. ಇಂದು ಮಾಡುತ್ತಿಲ್ಲ. ಏಕೆ?' ಎಂಬುದು 1999ರಲ್ಲಿ ಪ್ರಕಟವಾದ ಆ ಪ್ರಬಂಧದ ಹೆಸರು. ಬರೆದವರು ಆಂಡ್ರಿಯಾಸ್ ಝೆಲ್ಲರ್. ಆಗ ಅವರು ಪಾಸಾವ್ ವಿಶ್ವವಿದ್ಯಾಲಯದಲ್ಲಿದ್ದರು. 2001ರಲ್ಲಿ ಸಾರ್‌ಲ್ಯಾಂಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಬಗ್ ಹುಡುಕುವ ಕೆಲಸವನ್ನು ಅನುಭವ, ಊಹೆಗಳಿಗೆ ಬಿಡದೆ ಪ್ರಯೋಗದ ಮೂಲಕ ಯಂತ್ರದಿಂದಲೇ ಮಾಡಿಸಬಹುದು ಎಂದು ತೋರಿಸಿದ್ದು ಅವರ ದೊಡ್ಡ ಕೊಡುಗೆ.

1.78 ಲಕ್ಷ ಸಾಲುಗಳ ನಡುವೆ ಒಂದು ಸಾಲು

ಪ್ರೋಗ್ರಾಂಗಳ ದೋಷ ಪತ್ತೆಗೆ ಎಂಜಿನಿಯರ್‌ಗಳು ಬಳಸುವ ಹಳೆಯ ಸಾಧನ ಜಿಡಿಬಿ. ಅದನ್ನು ಚಿತ್ರರೂಪದಲ್ಲಿ, ಸುಲಭವಾಗಿ ಬಳಸಲು ನೆರವಾಗುವ ಇನ್ನೊಂದು ಸಾಧನ ಡಿಡಿಡಿ. ಇದನ್ನು ಅಭಿವೃದ್ಧಿಪಡಿಸಿದವರಲ್ಲಿ ಝೆಲ್ಲರ್ ಕೂಡ ಒಬ್ಬರು. ಜಿಡಿಬಿ 4.16ನೇ ಆವೃತ್ತಿಯಿಂದ 4.17ಕ್ಕೆ ಬದಲಾದಾಗ ಡಿಡಿಡಿಯ ಒಂದು ಭಾಗ ಇದ್ದಕ್ಕಿದ್ದಂತೆ ಕೈಕೊಟ್ಟಿತು. ಪರೀಕ್ಷಿಸಬೇಕಾದ ಪ್ರೋಗ್ರಾಂಗೆ ಬಳಕೆದಾರರು ಕೊಟ್ಟ ಸೂಚನೆಗಳು ಅದನ್ನು ತಲುಪುತ್ತಲೇ ಇರಲಿಲ್ಲ.

ಡಿಡಿಡಿಯಲ್ಲಿ ಯಾರೂ ಏನನ್ನೂ ಬದಲಿಸಿರಲಿಲ್ಲ. ಆದರೆ ಜಿಡಿಬಿಯ ಎರಡು ಆವೃತ್ತಿಗಳ ನಡುವೆ ಸುಮಾರು 1.78 ಲಕ್ಷ ಸಾಲುಗಳು ಬದಲಾಗಿದ್ದವು. ಅವನ್ನು ಬಿಡಿಸಿದಾಗ ಸಿಕ್ಕ ಬದಲಾವಣೆಗಳು 8,721. ಒಂದೊಂದನ್ನೇ ಓದುತ್ತ ಕೂರುವುದು ಆಗದ ಮಾತು.

ಝೆಲ್ಲರ್ ರೂಪಿಸಿದ ವಿಧಾನ ಆ ರಾಶಿಯಲ್ಲಿ ಒಂದೇ ಒಂದು ಬದಲಾವಣೆಯನ್ನು ಎತ್ತಿ ತೋರಿಸಿತು. ಜಿಡಿಬಿ ತೋರಿಸುವ ಒಂದು ಸಂದೇಶದಲ್ಲಿ 'ಆರ್ಗ್ಯುಮೆಂಟ್ಸ್' ಎಂದಿದ್ದದ್ದು ಹೊಸ ಆವೃತ್ತಿಯಲ್ಲಿ 'ಆರ್ಗ್ಯುಮೆಂಟ್ ಲಿಸ್ಟ್' ಎಂದಾಗಿತ್ತು. ಡಿಡಿಡಿ ಆ ಸಂದೇಶದ ಪದಗಳನ್ನು ಓದಿಯೇ ಮುಂದಿನ ಹೆಜ್ಜೆ ಇಡುತ್ತಿತ್ತು. ಪದ ಬದಲಾದಾಗ ಅದಕ್ಕೆ ಅರ್ಥವಾಗಲಿಲ್ಲ, ಅಷ್ಟೇ. ಒಬ್ಬರು ಸಂದೇಶವನ್ನು ಇನ್ನಷ್ಟು ಸ್ಪಷ್ಟಗೊಳಿಸಲು ಹೋದದ್ದು ಇನ್ನೊಂದು ಕಡೆ ಬಗ್ ಆಗಿ ಕಾಣಿಸಿಕೊಂಡಿತ್ತು.

ವಿಧಾನ ಹೇಗೆ ಕೆಲಸ ಮಾಡುತ್ತದೆ?

ಈ ವಿಧಾನದ ಹೆಸರು 'ಡೆಲ್ಟಾ ಡೀಬಗ್ಗಿಂಗ್'. ಡೆಲ್ಟಾ ಎಂದರೆ ವ್ಯತ್ಯಾಸ. ಮನೆಯ ಉದಾಹರಣೆಯಿಂದ ಇದನ್ನು ಅರ್ಥ ಮಾಡಿಕೊಳ್ಳಬಹುದು.

ಮನೆಯಲ್ಲಿ ಎಂಸಿಬಿ ಪದೇ ಪದೇ ಟ್ರಿಪ್ ಆಗುತ್ತಿದೆ ಎಂದುಕೊಳ್ಳಿ. ಇರುವುದು 16 ಉಪಕರಣಗಳು. ಮೊದಲು ಎಂಟರ ಪ್ಲಗ್ ತೆಗೆಯಿರಿ. ಆಗಲೂ ಟ್ರಿಪ್ ಆದರೆ ದೋಷ ಉಳಿದ ಎಂಟರಲ್ಲಿದೆ, ಆಗದಿದ್ದರೆ ತೆಗೆದಿಟ್ಟ ಎಂಟರಲ್ಲಿದೆ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ನಾಲ್ಕೇ ಸುತ್ತಿನಲ್ಲಿ ಕೆಟ್ಟ ಉಪಕರಣ ಸಿಗುತ್ತದೆ. ಇಂದು ಎಂಜಿನಿಯರ್‌ಗಳು ನಿತ್ಯ ಬಳಸುವ 'ಗಿಟ್ ಬೈಸೆಕ್ಟ್' ಎಂಬ ಸೌಲಭ್ಯದ ತರ್ಕವೂ ಇದೇ. ಕೋಡ್‌ಗೆ ಸಾಲಾಗಿ ಸೇರಿದ ಸಾವಿರ ಬದಲಾವಣೆಗಳಲ್ಲಿ ತಪ್ಪಿನದು ಯಾವುದು ಎಂಬುದನ್ನು ಅದು ಸುಮಾರು ಹತ್ತು ಪರೀಕ್ಷೆಗಳಲ್ಲಿ ಹೇಳಬಲ್ಲದು.

ಆದರೆ ನಿಜ ಜೀವನದಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ದೋಷ ಒಂದೇ ಉಪಕರಣದಲ್ಲಿ ಇಲ್ಲದಿರಬಹುದು. ಗೀಸರ್ ಮತ್ತು ಇಸ್ತ್ರಿ ಪೆಟ್ಟಿಗೆ ಎರಡೂ ಒಟ್ಟಿಗೆ ಆನ್ ಆದಾಗ ಮಾತ್ರ ಎಂಸಿಬಿ ಟ್ರಿಪ್ ಆಗುತ್ತಿದ್ದರೆ, ಮತ್ತು ಅವೆರಡೂ ಬೇರೆ ಬೇರೆ ಅರ್ಧದಲ್ಲಿದ್ದರೆ, ಯಾವ ಅರ್ಧವನ್ನು ಪರೀಕ್ಷಿಸಿದರೂ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆಗ ಡೆಲ್ಟಾ ಡೀಬಗ್ಗಿಂಗ್ ಒಂದು ಅರ್ಧವನ್ನು ಹಾಗೆಯೇ ಆನ್ ಇಟ್ಟು, ಇನ್ನೊಂದು ಅರ್ಧದೊಳಗೆ ಹುಡುಕುತ್ತದೆ. ನಂತರ ಅದಲು ಬದಲು ಮಾಡುತ್ತದೆ.

ಎರಡನೆಯದು ಇನ್ನೂ ಜಟಿಲ. ಪ್ರೋಗ್ರಾಂನ ಬದಲಾವಣೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಅರ್ಧವನ್ನಷ್ಟೇ ಸೇರಿಸಿದರೆ ಪ್ರೋಗ್ರಾಂ ಚಾಲೂ ಆಗದೇ ಇರಬಹುದು. ಆಗ ಉತ್ತರ 'ಸರಿ'ಯೂ ಅಲ್ಲ, 'ತಪ್ಪು' ಕೂಡ ಅಲ್ಲ. ಹೀಗಾಗಿ ಝೆಲ್ಲರ್ 'ಹೇಳಲಾಗದು' ಎಂಬ ಮೂರನೇ ಉತ್ತರಕ್ಕೂ ಜಾಗ ಕೊಟ್ಟರು. ಆ ಉತ್ತರ ಬಂದಾಗ ರಾಶಿಯನ್ನು ಇನ್ನಷ್ಟು ಸಣ್ಣ ತುಂಡುಗಳಾಗಿ ಒಡೆದು ಮತ್ತೆ ಪರೀಕ್ಷಿಸಲಾಗುತ್ತದೆ. ಇದೆಲ್ಲವನ್ನೂ ಮನುಷ್ಯರ ನೆರವಿಲ್ಲದೆ ಕಂಪ್ಯೂಟರ್ರೇ ಮಾಡುತ್ತದೆ.

896 ಸಾಲು ಒಂದಕ್ಕೆ ಇಳಿದ ಬಗೆ

ಇದೇ ವೇಳೆ ಮೊಜಿಲ್ಲಾ ಬ್ರೌಸರ್ ತಂಡ ಬೇರೊಂದು ಸಮಸ್ಯೆಯಲ್ಲಿ ಸಿಲುಕಿತ್ತು. ಬಳಕೆದಾರರಿಂದ ಬಂದ ನೂರಾರು ದೂರುಗಳು ಹಾಗೇ ಉಳಿದಿದ್ದವು. 'ಈ ಪುಟ ತೆರೆದರೆ ಬ್ರೌಸರ್ ಕ್ರ್ಯಾಶ್ ಆಗುತ್ತಿದೆ' ಎಂಬ ದೂರಿನ ಜತೆ ಉದ್ದನೆಯ ವೆಬ್ ಪುಟ ಲಗತ್ತಾಗಿರುತ್ತಿತ್ತು. ಅದರಲ್ಲಿ ತೊಂದರೆ ಕೊಡುತ್ತಿರುವ ಭಾಗ ಯಾವುದು ಎಂದು ಬಿಡಿಸಿ ಕೊಡಲು ತಂಡ ಸ್ವಯಂಸೇವಕರನ್ನು ಕರೆಯಿತು. 20 ದೂರುಗಳನ್ನು ಸರಳಗೊಳಿಸಿದವರಿಗೆ ಎಂಜಿನಿಯರ್‌ಗಳ ಸಹಿ ಇರುವ ಟೀ ಶರ್ಟ್ ಕೊಡುವುದಾಗಿಯೂ ಹೇಳಿತು.

ಈ ಕೆಲಸಕ್ಕೂ ಡೆಲ್ಟಾ ಡೀಬಗ್ಗಿಂಗ್ ಒದಗಿತು. ಪ್ರಿಂಟ್ ಕೊಟ್ಟಾಗ ಬ್ರೌಸರ್ ಕ್ರ್ಯಾಶ್ ಆಗುತ್ತಿದ್ದ 896 ಸಾಲುಗಳ ಪುಟವೊಂದನ್ನು ಝೆಲ್ಲರ್ ಮತ್ತು ಸಹೋದ್ಯೋಗಿ ರಾಲ್ಫ್ ಹಿಲ್ಡೆಬ್ರಾಂಟ್ ಈ ವಿಧಾನಕ್ಕೆ ಒಪ್ಪಿಸಿದರು. 57 ಪರೀಕ್ಷೆಗಳ ನಂತರ ಉಳಿದದ್ದು ಒಂದೇ ಸಾಲು. ಪಟ್ಟಿಯಿಂದ ಆಯ್ಕೆ ಮಾಡಲು ಬಳಸುವ 'ಸೆಲೆಕ್ಟ್' ಎಂಬ ಟ್ಯಾಗ್ ಅದರಲ್ಲಿತ್ತು. ಉಳಿದ 895 ಸಾಲುಗಳಿಗೂ ಕ್ರ್ಯಾಶ್‌ಗೂ ಸಂಬಂಧವೇ ಇರಲಿಲ್ಲ. 2002ರಲ್ಲಿ ಈ ಕೆಲಸ ಪ್ರಕಟವಾಯಿತು.

ಶುಕ್ರವಾರದ ಕೋಡ್ ಮತ್ತು ತಪ್ಪು ಲೆಕ್ಕ

ಮುಂದೆ ಝೆಲ್ಲರ್ ತಂಡ ಒಂದೊಂದು ಬಗ್ ಬಿಟ್ಟು ಬಗ್‌ಗಳ ಇತಿಹಾಸಕ್ಕೇ ಕೈಹಾಕಿತು. 2005ರಲ್ಲಿ ಯಾಚೆಕ್ ಸ್ಲಿವೆರ್ಸ್ಕಿ, ಥಾಮಸ್ ಝಿಮ್ಮರ್‌ಮನ್ ಮತ್ತು ಝೆಲ್ಲರ್, ದೋಷವನ್ನು ತಂದಿಟ್ಟ ಬದಲಾವಣೆಯನ್ನು ತಾನಾಗಿಯೇ ಗುರುತಿಸುವ ದಾರಿ ತೋರಿಸಿದರು. ಬಗ್ ಸರಿಪಡಿಸಿದಾಗ ಯಾವ ಸಾಲುಗಳು ಬದಲಾದವು ಎಂದು ನೋಡುವುದು, ಆ ಸಾಲುಗಳನ್ನು ಅದಕ್ಕೂ ಮೊದಲು ಕೊನೆಯದಾಗಿ ಯಾವಾಗ ಮುಟ್ಟಲಾಗಿತ್ತು ಎಂದು ಹಿಂದಕ್ಕೆ ಹೋಗುವುದು ಇದರ ಕ್ರಮ. ಮೂವರ ಹೆಸರಿನ ಮೊದಲಕ್ಷರಗಳಿಂದ ಇದಕ್ಕೆ 'ಎಸ್‌ಝೆಡ್‌ಝೆಡ್' ಎಂಬ ಹೆಸರು ಬಂತು.

ಮೊಜಿಲ್ಲಾ ಮತ್ತು ಎಕ್ಲಿಪ್ಸ್ ಯೋಜನೆಗಳ ದಾಖಲೆಗಳನ್ನು ಹೀಗೆ ಜಾಲಾಡಿದಾಗ, ಬದಲಾವಣೆಯ ಗಾತ್ರಕ್ಕೂ ವಾರದ ದಿನಕ್ಕೂ ದೋಷದೊಂದಿಗೆ ನಂಟು ಕಂಡಿತು. ಆ ತಂಡದ ಒಂದು ಪ್ರಬಂಧದ ತಲೆಬರಹವೇ 'ಶುಕ್ರವಾರ ಪ್ರೋಗ್ರಾಂ ಬರೆಯಬೇಡಿ'!

ಆದರೆ ಇಂಥ ಲೆಕ್ಕಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ ಎಂದು ತೋರಿಸಿದ್ದೂ ಇದೇ ಗುಂಪು. 2013ರಲ್ಲಿ ಕಿಮ್ ಹೆರ್ಜಿಗ್, ಸಾಶಾ ಯುಸ್ಟ್ ಮತ್ತು ಝೆಲ್ಲರ್ ಐದು ಮುಕ್ತ ಸಾಫ್ಟ್‌ವೇರ್ ಯೋಜನೆಗಳ 7,000ಕ್ಕೂ ಹೆಚ್ಚು ವರದಿಗಳನ್ನು ಕೈಯಾರೆ ಓದಿ ಪರಿಶೀಲಿಸಿದರು. 'ಬಗ್' ಎಂದು ದಾಖಲಾಗಿದ್ದ ವರದಿಗಳಲ್ಲಿ ಶೇ 33.8ರಷ್ಟು ಬಗ್‌ಗಳೇ ಆಗಿರಲಿಲ್ಲ. ಹೊಸ ಸೌಲಭ್ಯದ ಬೇಡಿಕೆ, ಕೈಪಿಡಿಯ ತಿದ್ದುಪಡಿ ಅಥವಾ ಕೋಡ್ ಚೊಕ್ಕಗೊಳಿಸುವ ಕೆಲಸಗಳು ಬಗ್ ಪಟ್ಟಿಗೆ ಸೇರಿಹೋಗಿದ್ದವು. ಪರಿಣಾಮವಾಗಿ, ದೋಷಪೂರಿತ ಎಂದು ಗುರುತಾಗಿದ್ದ ಫೈಲ್‌ಗಳಲ್ಲಿ ಸರಾಸರಿ ಶೇ 39ರಷ್ಟರಲ್ಲಿ ಎಂದೂ ಬಗ್ ಇರಲೇ ಇಲ್ಲ.

ಹಿಂಜೆವಾಡಿಯಿಂದ ಹೈಟೆಕ್ ಸಿಟಿವರೆಗೆ ಐಟಿ ಉದ್ಯೋಗದಲ್ಲಿರುವ ಯಾರಿಗಾದರೂ ಈ ಅಂಕಿ ನೇರವಾಗಿ ತಟ್ಟುವಂಥದ್ದು. ಬಗ್‌ಗಳ ಸಂಖ್ಯೆ ನೋಡಿ ಒಂದು ತಂಡವನ್ನೋ ಒಬ್ಬ ಉದ್ಯೋಗಿಯನ್ನೋ ಅಳೆಯಲು ಹೊರಟರೆ, ಮೂರರಲ್ಲಿ ಒಂದು ದಾಖಲೆ ತಪ್ಪಾಗಿರುವ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಒಂದು ಸಾಲನ್ನು ಕೊನೆಗೆ ಮುಟ್ಟಿದವರೇ ತಪ್ಪಿತಸ್ಥರು ಎಂದೂ ಹೇಳಲಾಗದು. ಜಿಡಿಬಿಯ ಪದ ಬದಲಿಸಿದವರು ಮಾಡಿದ್ದು ತಪ್ಪೇ? ಇನ್ನೊಂದು ಪ್ರೋಗ್ರಾಂನ ಪದಗಳನ್ನೇ ನಂಬಿ ಕುಳಿತ ಡಿಡಿಡಿಯ ವಿನ್ಯಾಸ ತಪ್ಪೇ? ಡೆಲ್ಟಾ ಡೀಬಗ್ಗಿಂಗ್ ಇದಕ್ಕೆ ಉತ್ತರ ಕೊಡುವುದಿಲ್ಲ.

ಯಂತ್ರದ ಕೆಲಸ ಎಲ್ಲಿಗೆ ಮುಗಿಯುತ್ತದೆ?

ಈ ವಿಧಾನಕ್ಕೆ ಮಿತಿಗಳಿವೆ. ಪ್ರತಿ ಬಾರಿಯೂ ಒಂದೇ ಫಲಿತಾಂಶ ಕೊಡುವ ಪರೀಕ್ಷೆ ಕೈಯಲ್ಲಿರಬೇಕು. ಒಮ್ಮೆ ಬಂದು ಇನ್ನೊಮ್ಮೆ ಮಾಯವಾಗುವ ಬಗ್‌ಗಳ ಮುಂದೆ ಅದು ತಡವರಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಬದಲಾವಣೆಯಿಂದ ತೊಂದರೆ ಕಾಣಿಸಿಕೊಂಡಿತು ಎಂದಷ್ಟೇ ಅದು ಹೇಳುತ್ತದೆ. ಮೂಲ ತಪ್ಪು ಎಲ್ಲಿದೆ, ಯಾವುದನ್ನು ಸರಿಪಡಿಸಬೇಕು ಎಂಬುದನ್ನು ಮನುಷ್ಯರೇ ನಿರ್ಧರಿಸಬೇಕು.

ಕ್ರೌಡ್‌ಸ್ಟ್ರೈಕ್ ಪ್ರಕರಣ ಈ ವ್ಯತ್ಯಾಸಕ್ಕೆ ಸ್ಪಷ್ಟ ನಿದರ್ಶನ. ಜುಲೈ 19ರ ಅಪ್‌ಡೇಟ್ ಹಿಂಪಡೆದ ಕೂಡಲೇ ಹೊಸ ಕ್ರ್ಯಾಶ್‌ಗಳು ನಿಂತಿದ್ದು ನಿಜ. ಆದರೆ ಸಂಸ್ಥೆಯೇ ಬಿಡುಗಡೆ ಮಾಡಿದ ತನಿಖಾ ವರದಿಯ ಪ್ರಕಾರ ಮೂಲ ದೋಷ ಫೆಬ್ರುವರಿಯಲ್ಲಿ ಹೊರಬಂದ ಆವೃತ್ತಿಯಲ್ಲೇ ಇತ್ತು. ಒಂದು ಕಡೆ 21 ಮೌಲ್ಯಗಳು ಬರುತ್ತವೆ ಎಂದು ಬರೆಯಲಾಗಿತ್ತು, ಇನ್ನೊಂದು ಕಡೆಯಿಂದ ಕೊಡುತ್ತಿದ್ದದ್ದು 20 ಮಾತ್ರ. 21ನೆಯದನ್ನು ಯಾರೂ ಕೇಳದ ಕಾರಣ ತಿಂಗಳುಗಟ್ಟಲೆ ಏನೂ ಆಗಿರಲಿಲ್ಲ. ಆ ಶುಕ್ರವಾರದ ಅಪ್‌ಡೇಟ್ ಮೊದಲ ಬಾರಿಗೆ ಅದನ್ನು ಕೇಳಿತು. ಇಲ್ಲದ ಮೌಲ್ಯವನ್ನು ಓದಲು ಹೋಗಿ ಕಂಪ್ಯೂಟರ್‌ಗಳು ನೆಲಕಚ್ಚಿದವು.

ಅಂದರೆ ಆ ದಿನ ಕೆಟ್ಟದ್ದು ನಿನ್ನೆವರೆಗೂ ಸರಿಯಿರಲಿಲ್ಲ, ಸರಿಯಿರುವಂತೆ ಕಾಣುತ್ತಿತ್ತು ಅಷ್ಟೇ. ಅಪ್‌ಡೇಟ್ ಕಳುಹಿಸಿದವರನ್ನಷ್ಟೇ ಹೊಣೆ ಮಾಡಿ ಕೈತೊಳೆದುಕೊಂಡಿದ್ದರೆ 20 ಮತ್ತು 21ರ ನಡುವಿನ ಆ ಅಂತರ ಹಾಗೆಯೇ ಉಳಿದು, ಇನ್ನೊಂದು ದಿನ ಇನ್ನೊಬ್ಬರ ಹೆಸರಿನಲ್ಲಿ ಮತ್ತೆ ಹೊರಬರುತ್ತಿತ್ತು.