ಡೆತ್ ವ್ಯಾಲಿಯ ಹೂಗಳು ಮತ್ತು ಅರವತ್ತು ದಾಟಿದ ಚಾರಣಿಗರು

ಅಮೆರಿಕದ ಕ್ಯಾಲಿಫೋರ್ನಿಯಾದ ಪೂರ್ವದ ಅಂಚಿನಲ್ಲಿರುವ ಡೆತ್ ವ್ಯಾಲಿ ಉತ್ತರ ಅಮೆರಿಕದ ಅತಿ ತಗ್ಗಿನ ನೆಲ. ಇಲ್ಲಿನ ಬ್ಯಾಡ್‌ವಾಟರ್ ಎಂಬ ಉಪ್ಪಿನ ಬಯಲು ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಅಲ್ಲಿ ನಿಂತು ಪಡುವಣಕ್ಕೆ ತಲೆ ಎತ್ತಿದರೆ 3,366 ಮೀಟರ್ ಎತ್ತರದ ಟೆಲಿಸ್ಕೋಪ್ ಪೀಕ್ ಕಾಣುತ್ತದೆ. ಪೆಸಿಫಿಕ್ ಸಾಗರದಿಂದ ಹೊರಟ ಮೋಡಗಳು ಸಿಯೆರಾ ನೆವಾಡಾ ಮೊದಲಾದ ಬೆಟ್ಟಸಾಲುಗಳನ್ನು ದಾಟಿ ಬರುವಷ್ಟರಲ್ಲಿ ಬಹುಪಾಲು ಬರಿದಾಗಿರುತ್ತವೆ. ಹಾಗಾಗಿ ಕಣಿವೆಯ ತಳದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 50 ಮಿಲಿಮೀಟರ್ ಮಾತ್ರ. 1913ರ ಜುಲೈನಲ್ಲಿ 56.7 ಡಿಗ್ರಿ ಸೆಲ್ಸಿಯಸ್ ತಾಪ ದಾಖಲಾದ ಜಾಗವಿದು.

ಈ ನೆಲವೂ ಹೂ ಬಿಡುತ್ತದೆ. ಇಲ್ಲಿನ ಬಹುತೇಕ ಹೂಗಿಡಗಳು ಒಂದೇ ಋತುವಿನಲ್ಲಿ ಹುಟ್ಟಿ, ಬೀಜ ಕಟ್ಟಿ ಸಾಯುವಂಥವು. ಬೀಜಗಳು ಎಷ್ಟೋ ವರ್ಷ ಮಣ್ಣಿನಲ್ಲಿ ಸುಮ್ಮನೆ ಕಾದಿರುತ್ತವೆ. ಅವುಗಳ ಹೊರಪದರದಲ್ಲಿ ಮೊಳಕೆಯನ್ನು ತಡೆಯುವ ರಾಸಾಯನಿಕವಿರುತ್ತದೆ. ತುಂತುರು ಮಳೆಗೆ ಅದು ಕರಗುವುದಿಲ್ಲ, ನೆಲ ನೆನೆಯುವ ಹದಮಳೆಯೇ ಬೇಕು. ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ 1940ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಗಳಲ್ಲಿ ಈ ಗುಟ್ಟನ್ನು ಕೂಲಂಕಷವಾಗಿ ಅಧ್ಯಯನ ಮಾಡಿದರು. ಶರತ್ಕಾಲದಲ್ಲಿ ಒಳ್ಳೆಯ ಮಳೆ, ಚಳಿಗಾಲದಲ್ಲಿ ನಡುನಡುವೆ ಇನ್ನಷ್ಟು ಹನಿ, ಒಣಗಾಳಿಯ ಕಾಟವಿಲ್ಲದ ವಸಂತ, ಈ ಮೂರೂ ಕೂಡಿ ಬಂದರೆ ಕಣಿವೆಗೆ ಕಣಿವೆಯೇ ಅರಳುತ್ತದೆ. 1998, 2005 ಮತ್ತು 2016ರಲ್ಲಿ ಹಾಗೆ ಆಗಿತ್ತು. ಆಗ ಮುಂಚೂಣಿಯಲ್ಲಿರುವುದು ಡೆಸರ್ಟ್ ಗೋಲ್ಡ್ ಎಂಬ ಹಳದಿ ಹೂ. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಇದು ಹರಡಿ ನಿಂತಾಗ ನಮ್ಮ ಹುಚ್ಚೆಳ್ಳಿನ ಹೊಲದಂತೆ ಕಾಣುತ್ತದೆ.

ವಯಸ್ಸಾದ ಚಾರಣಿಗರಿಗೆ ಇಷ್ಟು ಒಗ್ಗುವ ಹೂವಿನ ನಾಡು ಅಪರೂಪ. ಕಾರಣ, ಇಲ್ಲಿ ಹೂವಿನ ಕಾಲ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಬೆಟ್ಟ ಹತ್ತುತ್ತಾ ಹೋಗುತ್ತದೆ. ಫೆಬ್ರವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಕಣಿವೆಯ ತಳದಲ್ಲಿ, ಏಪ್ರಿಲ್‌ನಲ್ಲಿ ಸುಮಾರು 900ರಿಂದ 1,500 ಮೀಟರ್ ಎತ್ತರದಲ್ಲಿ, ಮೇ ತಿಂಗಳಿಂದ ಜುಲೈ ಮಧ್ಯದವರೆಗೆ ಅದಕ್ಕೂ ಮೇಲಿನ ಇಳಿಜಾರುಗಳಲ್ಲಿ ಹೂಗಳು ಸಿಗುತ್ತವೆ. ಮಂಡಿ ಗಟ್ಟಿಯಾಗಿರುವವರು ಟೆಲಿಸ್ಕೋಪ್ ಪೀಕ್‌ಗೆ ಹೋಗುವ 11 ಕಿಲೋಮೀಟರ್ ದಾರಿ ಹಿಡಿಯಬಹುದು. ಹೋಗುವಾಗ ಸುಮಾರು 900 ಮೀಟರ್ ಏರು, ಬರುವಾಗ ಅಷ್ಟೇ ಇಳಿತ. ಆಗದವರು 1,669 ಮೀಟರ್ ಎತ್ತರದ ಡಾಂಟೆಸ್ ವ್ಯೂವರೆಗೆ ಕಾರಿನಲ್ಲೇ ಹೋಗಬಹುದು. ತಳದ ಹೂಗಳಿಗಂತೂ ರಸ್ತೆಯಿಂದ ನಾಲ್ಕು ಹೆಜ್ಜೆ ಸಾಕು.

ದೇಹದ ಲೆಕ್ಕವನ್ನು ಮಾತ್ರ ಮರೆಯುವಂತಿಲ್ಲ. ವಯಸ್ಸಾದಂತೆ ಬಾಯಾರಿಕೆಯ ಸೂಚನೆ ಮಂದವಾಗುತ್ತದೆ, ಮೂತ್ರಪಿಂಡಗಳು ನೀರನ್ನು ಮೊದಲಿನಂತೆ ಹಿಡಿದಿಡುವುದಿಲ್ಲ, ಬೆವರೂ ಕಡಿಮೆ. ಒಣಹವೆಯಲ್ಲಿ ಬಂದ ಬೆವರೂ ತಕ್ಷಣ ಆರಿಹೋಗುವುದರಿಂದ ನೀರು ನಷ್ಟವಾಗುತ್ತಿರುವುದೇ ಗೊತ್ತಾಗದು. ಬಾಯಾರಿದಾಗ ಕುಡಿದರಾಯಿತು ಎನ್ನುವುದು ಇಲ್ಲಿ ಅಪಾಯದ ಮಾತು. ದಿನಕ್ಕೆ ಒಬ್ಬರಿಗೆ ಕನಿಷ್ಠ 4 ಲೀಟರ್ ನೀರು ಜೊತೆಗಿರಬೇಕು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಹೊರಡುವ ಮುನ್ನ ವೈದ್ಯರನ್ನು ಕೇಳುವುದು ಒಳ್ಳೆಯದು. ಮಂಡಿಗೆ ಹೆಚ್ಚು ಪೆಟ್ಟು ಬೀಳುವುದು ಹತ್ತುವಾಗಲ್ಲ, ಇಳಿಯುವಾಗ. ಎರಡು ಊರುಗೋಲುಗಳಿದ್ದರೆ ಭಾರ ತೋಳುಗಳಿಗೂ ಹಂಚಿಹೋಗುತ್ತದೆ, ಸಡಿಲ ಜಲ್ಲಿಯ ಮೇಲೆ ಸಮತೋಲವೂ ತಪ್ಪುವುದಿಲ್ಲ.

ಛಾಯಾಗ್ರಹಣಕ್ಕೆ ಬೆಳಗಿನ ಮೊದಲ ಎರಡು ಗಂಟೆಯೇ ಹೊತ್ತು. ಬಿಸಿಲು ಓರೆಯಾಗಿ ಬಿದ್ದು ಬೆಟ್ಟದ ಮಡಿಕೆಗಳು ಎದ್ದು ಕಾಣುತ್ತವೆ, ಗಾಳಿಯೂ ಸಾಮಾನ್ಯವಾಗಿ ಇನ್ನೂ ಎದ್ದಿರುವುದಿಲ್ಲ. ಹೂವನ್ನು ಹತ್ತಿರದಲ್ಲಿ, ಬೆಟ್ಟವನ್ನು ಹಿನ್ನೆಲೆಯಲ್ಲಿ ಹಿಡಿಯಲು ಅಗಲನೋಟದ ಲೆನ್ಸ್ ಹಾಕಿ, ಅಪರ್ಚರ್ ಎಫ್/11 ಅಥವಾ ಎಫ್/16ಕ್ಕೆ ಇಟ್ಟರೆ ಎರಡೂ ಸ್ಪಷ್ಟವಾಗಿ ಮೂಡುತ್ತವೆ. ಡೆಸರ್ಟ್ ಫೈವ್‌ಸ್ಪಾಟ್‌ಗೆ ಬೇರೆಯೇ ಕೋನ ಬೇಕು. ದಾಸವಾಳದ ಕುಟುಂಬದ ಈ ಹೂವಿನ ನಸುನೇರಳೆ ದಳಗಳು ಬಟ್ಟಲಾಗಿ ಒಳಕ್ಕೆ ಬಾಗಿರುತ್ತವೆ. ಪ್ರತಿ ದಳದ ಬುಡದಲ್ಲೂ ಇರುವ ಕಡುಗೆಂಪು ಮಚ್ಚೆ ಬಟ್ಟಲೊಳಗೆ ಇಣುಕಿದವರಿಗೇ ಕಾಣುವುದು. ಡೆಸರ್ಟ್ ಸ್ಟಾರ್‌ನಂಥ ಪುಟ್ಟ ಹೂಗಳು ನೆಲಕ್ಕೇ ಅಂಟಿಕೊಂಡಿರುತ್ತವೆ. ಹಿಂದೆ ಇವುಗಳಿಗಾಗಿ ಹೊಟ್ಟೆಯ ಮೇಲೆ ಮಲಗಬೇಕಿತ್ತು. ಈಗ ಪರದೆ ಮೇಲಕ್ಕೆ ಮಡಚುವ ಹಗುರ ಕ್ಯಾಮೆರಾವನ್ನು ನೆಲದ ಮೇಲಿಟ್ಟು, ಮಡಚುವ ಪುಟ್ಟ ಸ್ಟೂಲಿನ ಮೇಲೆ ಕುಳಿತೇ ಚಿತ್ರ ತೆಗೆಯಬಹುದು. ವಯಸ್ಸಾದವರು ಭಾರದ ಲೆನ್ಸ್‌ಗಳನ್ನು ಮನೆಯಲ್ಲೇ ಬಿಟ್ಟು, ಉಳಿದ ತೂಕವನ್ನು ನೀರಿಗೆ ಮೀಸಲಿಡುವುದು ಜಾಣತನ.

ದೂರ ನಡೆಯದಿದ್ದರೂ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದರಿಂದ ಏನು ಸಿಗುತ್ತದೆ ಎಂಬುದಕ್ಕೆ ಎಡ್ಮಂಡ್ ಜೇಗರ್ (1887–1983) ಅವರಿಗಿಂತ ಒಳ್ಳೆಯ ನಿದರ್ಶನವಿಲ್ಲ. ಕ್ಯಾಲಿಫೋರ್ನಿಯಾದ ಮರುಭೂಮಿಯ ಹೂಗಳನ್ನು ಜನಸಾಮಾನ್ಯರಿಗೆ ಪರಿಚಯಿಸಿದ ಪುಸ್ತಕ ಬರೆದವರು ಅವರು. 1946ರ ಡಿಸೆಂಬರ್‌ನಲ್ಲಿ, ಅರವತ್ತರ ಹೊಸ್ತಿಲಲ್ಲಿ, ಚಕ್‌ವಾಲಾ ಬೆಟ್ಟಗಳ ಬಂಡೆಯ ಸಂದೊಂದರಲ್ಲಿ ಪೂರ್‌ವಿಲ್ ಎಂಬ ಹಕ್ಕಿ ಅಲುಗದೆ ಕುಳಿತಿರುವುದನ್ನು ಕಂಡರು. ಮುಂದಿನ ಚಳಿಗಾಲಗಳಲ್ಲೂ ಅದೇ ಜಾಗಕ್ಕೆ ಹೋಗಿ ಹಕ್ಕಿಯ ಮೈತಾಪ ಅಳೆದರು. ಹಕ್ಕಿಯೂ ಚಳಿನಿದ್ರೆಗೆ ಜಾರಬಲ್ಲದು ಎಂಬ ವೈಜ್ಞಾನಿಕ ದಾಖಲೆ ಸಿಕ್ಕಿದ್ದು ಹೀಗೆ. ದೂರ ನಡೆದವರಿಗೆ ಮಾತ್ರ ದಕ್ಕುವ ಶೋಧ ಅದಾಗಿರಲಿಲ್ಲ.

ಮಕ್ಕಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗುವ ಕನ್ನಡದ ಹಿರಿಯರು ಫೆಬ್ರವರಿ, ಮಾರ್ಚ್‌ನಲ್ಲಿ ಅಲ್ಲಿದ್ದರೆ ಈ ಕಣಿವೆಯನ್ನು ತಪ್ಪದೆ ನೋಡಬೇಕು. ಮೇ ನಂತರ ತಳದ ನೆಲ ನಡೆಯಲು ತಕ್ಕುದಲ್ಲ. ಒಂದು ಮಾತು: ಚಿತ್ರದ ಆಸೆಗೆ ಹೂಗಳ ನಡುವೆ ಕಾಲಿಡಬೇಡಿ. ತುಳಿದ ಗಿಡ ಬೀಜ ಕಟ್ಟುವುದಿಲ್ಲ, ಮುಂದಿನ ಹದಮಳೆಗೆ ಅಲ್ಲಿ ಮೊಳೆಯುವ ಬೀಜಗಳು ಅಷ್ಟರಮಟ್ಟಿಗೆ ಕಡಿಮೆಯಾಗುತ್ತವೆ. ಹೂ ಕೀಳುವುದಂತೂ ಈ ರಾಷ್ಟ್ರೀಯ ಉದ್ಯಾನದಲ್ಲಿ ಕಾನೂನಿನ ಪ್ರಕಾರವೇ ನಿಷಿದ್ಧ.