ಬೀಗ ತೆಗೆದ ಬೀರು

ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅಲ್ಲಿ ಪತ್ರಿಕೆಗಳ ಜೊತೆ ಕಥೆಪುಸ್ತಕಗಳೂ ಇರಬೇಕು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಬಹಳ ಕಡೆ ಆ ಗ್ರಂಥಾಲಯವೆಂದರೆ ಮುಖ್ಯ ಶಿಕ್ಷಕರ ಕೋಣೆಯ ಕಬ್ಬಿಣದ ಬೀರು. ಅದಕ್ಕೊಂದು ಬೀಗ. ಮೇಷ್ಟ್ರನ್ನು ದೂರುವಂತಿಲ್ಲ. ಒಂದು ಪುಸ್ತಕ ಕಡಿಮೆಯಾದರೂ ಲೆಕ್ಕ ಕೊಡಬೇಕಾದವರು ಅವರೇ.

ಎಚ್.ಡಿ. ಕೋಟೆ ತಾಲ್ಲೂಕಿನ ಹಾಡಿಯೊಂದರ ಶಾಲೆಗೆ ನಾನು ವಾರಕ್ಕೊಮ್ಮೆ ಕಥೆ ಓದಿ ಹೇಳಲು ಹೋಗುತ್ತೇನೆ. ಮಕ್ಕಳಲ್ಲಿ ಹೆಚ್ಚಿನವರು ಜೇನುಕುರುಬರು. ಮನೆಯಲ್ಲಿ ಆಡುವ ನುಡಿ ಕನ್ನಡಕ್ಕೆ ಹತ್ತಿರವೇ, ಆದರೆ ಪಠ್ಯಪುಸ್ತಕದ ಕನ್ನಡವಲ್ಲ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಪಾಠವನ್ನು ಗಡಗಡ ಓದಿದಳು. ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿದೆ, ಸುಮ್ಮನಾದಳು. ಬಾಯಿಪಾಠವಾಗಿತ್ತು, ಓದು ಬಂದಿರಲಿಲ್ಲ.

ಇಲ್ಲಿನ ಮೇಷ್ಟ್ರು ಬೀರುವಿನ ಬೀಗ ತೆಗೆದರು. ಕಿಟಕಿಯ ಕೆಳಗೆ, ಮಕ್ಕಳ ಕೈಗೆ ಎಟಕುವಂತೆ ನೈಲಾನ್ ಹಗ್ಗ ಕಟ್ಟಿ, ಬಟ್ಟೆ ಒಣಹಾಕಿದ ಹಾಗೆ ಪುಸ್ತಕಗಳನ್ನು ತೂಗುಹಾಕಿದರು. ನೆಹರೂ ಬಾಲ ಪುಸ್ತಕಾಲಯದವು, ಪ್ರಥಮ್ ಬುಕ್ಸ್‌ನವು. ಪ್ರಥಮ್ ಪುಸ್ತಕಗಳ ಮೇಲೆ ಓದಿನ ಹಂತ ನಮೂದಾಗಿರುತ್ತದೆ. ಒಂದನೇ ಹಂತವೆಂದರೆ ದೊಡ್ಡ ಚಿತ್ರ, ನಾಲ್ಕಾರು ಪದ. ನಾಲ್ಕನೇ ತರಗತಿಯವಳು ಒಂದನೇ ಹಂತದ ಪುಸ್ತಕ ಹಿಡಿದರೂ ಯಾರೂ ನಗುವುದಿಲ್ಲ. ಎಲ್ಲರೂ ತಮಗೆ ಬೇಕಾದ್ದನ್ನೇ ಎಳೆದುಕೊಳ್ಳುತ್ತಾರೆ. (ಪುಸ್ತಕ ದಾನ ಎಂದು ಹಳೆಯ ಗೈಡುಗಳ ಕಟ್ಟು ತಂದಿಳಿಸುವ ಪಟ್ಟಣದವರಿಗೂ ಇದು ಗೊತ್ತಿದ್ದರೆ ಒಳ್ಳೆಯದು.)

ನಾನು ಚಿತ್ರ ತೋರಿಸುತ್ತಾ ಓದುತ್ತೇನೆ. ಮಕ್ಕಳು ತಮ್ಮ ನುಡಿಯಲ್ಲೇ ಅದರ ಬಗ್ಗೆ ಮಾತಾಡುತ್ತಾರೆ, ನಾನು ತಡೆಯುವುದಿಲ್ಲ. ಒಂದು ದಿನ ಪುಸ್ತಕವೊಂದರಲ್ಲಿ ಮರದ ಪೊಟರೆಯೊಳಗೆ ಹೆಜ್ಜೇನು ಗೂಡು ಕಟ್ಟಿತ್ತು. ‘ತಪ್ಪು!’ ಎಂದ ಒಬ್ಬ ಹುಡುಗ. ಹೆಜ್ಜೇನು ಕಟ್ಟುವುದು ಎತ್ತರದ ಕೊಂಬೆಯಲ್ಲಿ, ಬಂಡೆಯಲ್ಲಿ, ಪೊಟರೆಯೊಳಗಿರುವುದು ತುಡುವೆ. ಇನ್ನೊಬ್ಬ ಕೋಲುಜೇನಿನ ಸುದ್ದಿ ತೆಗೆದ, ಮತ್ತೊಬ್ಬಳು ನಸರಿಯದ್ದು. ಪುಸ್ತಕದಲ್ಲಿ ನಿಜಕ್ಕೂ ‘ಹೆಜ್ಜೇನು’ ಎಂದೇ ಇದೆಯೇ ಎಂದು ನೋಡಲು ಎಲ್ಲರೂ ಪುಟದ ಮೇಲೆ ಬಿದ್ದರು. ಆ ಪದವನ್ನು ಮೊದಲು ಹುಡುಕಿ ಬೆರಳಿಟ್ಟವಳು ಅದೇ ಗಡಗಡ ಓದುವ ಹುಡುಗಿ. ಒತ್ತಕ್ಷರವನ್ನು ಹಲಗೆಯ ಮೇಲೆ ತಿಂಗಳುಗಟ್ಟಲೆ ತಿದ್ದಿಸಿದರೂ ಆಗದ್ದು ಅಲ್ಲಿ ಆಗಿತ್ತು.

ಮರುವಾರ ಮಕ್ಕಳೇ ಡ್ರಾಯಿಂಗ್ ಹಾಳೆ ಮಡಚಿ, ದಾರದಿಂದ ಹೊಲಿದು ತಮ್ಮದೇ ಜೇನಿನ ಪುಸ್ತಕ ಮಾಡಿದರು. ಅಜ್ಜಂದಿರನ್ನು ಕೇಳಿ ಬಂದು ಬರೆದದ್ದು. ಹಗ್ಗದ ಮೇಲಿನ ಪುಸ್ತಕಗಳಲ್ಲಿ ಅತಿ ಹೆಚ್ಚು ಹರಿದಿರುವುದು ಅದೇ. ಹೊಸ ಪುಸ್ತಕ ಬೇಕಾದಾಗ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣದಿಂದ ಕನ್ನಡದ ಕಥೆಗಳನ್ನು ಉಚಿತವಾಗಿ ಇಳಿಸಿ ಮುದ್ರಿಸಿಕೊಳ್ಳುತ್ತೇವೆ.

ಕಷ್ಟವಿರುವುದು ಕಾಫಿ ಕೊಯ್ಲಿನ ಕಾಲದಲ್ಲಿ. ಅಪ್ಪ ಅಮ್ಮ ಕೊಡಗಿನ ತೋಟಗಳಿಗೆ ಕೂಲಿಗೆ ಹೊರಟಾಗ ಮಕ್ಕಳೂ ಹೊರಡುತ್ತಾರೆ. ಲೈನ್ ಮನೆಯಲ್ಲಿ ವಾರಗಟ್ಟಲೆ ಅಕ್ಷರವನ್ನೇ ಕಾಣದೆ, ಬರುವಷ್ಟರಲ್ಲಿ ಕಲಿತದ್ದು ಅರ್ಧ ಮರೆತಿರುತ್ತದೆ. ಅದಕ್ಕೇ ಮೇಷ್ಟ್ರು ಹೊರಟವರ ಚೀಲಕ್ಕೆ ಎರಡೆರಡು ಪುಸ್ತಕ ಹಾಕಿ ಕಳಿಸುತ್ತಾರೆ. ಮೊದಲ ವರ್ಷ ಕೆಲವು ನೆನೆದು ಬಂದವು, ಕೆಲವು ಬರಲೇ ಇಲ್ಲ. ಸ್ಟಾಕ್ ಪುಸ್ತಕದಲ್ಲಿ ಅವುಗಳ ಎದುರು ‘ಓದಿ ಸವೆದಿದೆ’ ಎಂದು ಬರೆದು ಸಹಿ ಹಾಕಿದರು.

ಈ ಸಲ ಮೂರನೇ ತರಗತಿಯ ಹುಡುಗನೊಬ್ಬ ಎರಡು ತೆಗೆದುಕೊಂಡ ಮೇಲೆ ತಮ್ಮನ ಹೆಸರಲ್ಲಿ ಇನ್ನೊಂದು ಕೇಳಿದ. ತಮ್ಮನಿಗೆ ಎಷ್ಟು ವರ್ಷ ಎಂದೆ. ಇನ್ನೂ ನಡೆಯಲು ಬರುವುದಿಲ್ಲವಂತೆ. ಮೇಷ್ಟ್ರು ತಮ್ಮನ ಹೆಸರನ್ನೂ ರಿಜಿಸ್ಟರಿಗೆ ಬರೆದುಕೊಂಡು ಕೊಟ್ಟರು.